ಯಾರದೂ ಅಲ್ಲದ ಅಂಗಳದಲ್ಲಿ

ಕ್ರಿಕೆಟ್ಟಿನ ಸುದ್ದಿಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ 'ತಟಸ್ಥ ಮೈದಾನ' ಎಂಬ ಮಾತು ಹೊಸದಲ್ಲ. ಆಡುವ ಎರಡು ತಂಡಗಳಲ್ಲಿ ಯಾವುದಕ್ಕೂ ತನ್ನದಲ್ಲದ ಊರಿನಲ್ಲಿ, ಮೂರನೆಯವರ ನೆಲದ ಮೇಲೆ, ಕೆಲವೇ ದಿನಗಳಲ್ಲಿ ಎರಡೋ ಮೂರೋ ಐದೋ ಒಂದು ದಿನದ ಪಂದ್ಯಗಳನ್ನು ಆಡಿ ಮುಗಿಸುವ ಪದ್ಧತಿಯೊಂದುಂಟು. ಅಂಥ ನೆಲಕ್ಕೆ ಈ ಹೆಸರು. ಹೆಸರೇನೋ ಚೆನ್ನಾಗಿದೆ. ತಟದಲ್ಲಿ ನಿಂತವನು ತಟಸ್ಥ; ಹೊಳೆಯ ಸೆಳೆತಕ್ಕೆ ಸಿಕ್ಕದೆ ದಡದ ಮೇಲೆ ನಿಂತು ನೋಡುವವನು. ಆದರೆ ಒಂದು ಹುಲ್ಲಿನ ಬಯಲು ತಾನೇ ತಟಸ್ಥವಾಗಿರಬಲ್ಲುದೆ, ಅಥವಾ ಅದರ ಸುತ್ತ ಕುಳಿತ ಮನುಷ್ಯರು ಮಾತ್ರ ತಟಸ್ಥರಾಗಿರಬಲ್ಲರೆ ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ. ಕಳೆದ ವರ್ಷ ನಮ್ಮ ಕಣ್ಣೆದುರಿಗೇ ನಡೆದ ಒಂದು ಸಣ್ಣ ಸಂಗತಿ ಆ ಪ್ರಶ್ನೆಗೆ ಮೊನೆ ಕೊಟ್ಟಿತು. ಅದನ್ನು ಕಡೆಯಲ್ಲಿ ಹೇಳುವೆವು. ಮೊದಲು ಬಹುದೂರದ ಒಂದು ಊರಿಗೆ ಹೋಗಿ ಬರೋಣ.

ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಒಂದು ಹಳೆಯ ಸಂಘವಿದೆ. ಅದರ ಪೂರ್ಣ ಹೆಸರು ಟೊರಾಂಟೊ ಕ್ರಿಕೆಟ್, ಸ್ಕೇಟಿಂಗ್ ಮತ್ತು ಕರ್ಲಿಂಗ್ ಕ್ಲಬ್. ಬೇಸಗೆಯಲ್ಲಿ ಹುಲ್ಲಿನ ಮೇಲೆ ಕ್ರಿಕೆಟ್ಟು. ಮಂಜುಗಡ್ಡೆಯ ಮೇಲೆ ಜಾರುವ ಆಟ ಎರಡನೆಯದು. ಮೂರನೆಯದಾದ ಕರ್ಲಿಂಗ್ ನಮ್ಮ ಕಡೆಯವರು ಕಂಡು ಕೇಳದ ಆಟ. ನಯಗೊಳಿಸಿದ ಭಾರವಾದ ಕಲ್ಲೊಂದನ್ನು ಮಂಜಿನ ಹಾಸಿನ ಮೇಲೆ ಜಾರಿಬಿಡುವುದು, ಅದರ ಮುಂದೆ ಮುಂದೆ ಇಬ್ಬರು ಪೊರಕೆ ಹಿಡಿದು ಗುಡಿಸುತ್ತ ಓಡುವುದು, ಕಲ್ಲನ್ನು ಗುರಿಯ ವರ್ತುಲದಲ್ಲಿ ನಿಲ್ಲಿಸುವುದು. ಕಲ್ಲಿಗೂ ಚೆಂಡಿಗೂ ಒಂದೇ ಮನೆಯಲ್ಲಿ ಜಾಗ ಕೊಟ್ಟ ಆ ಸಂಘದ ಕ್ರಿಕೆಟ್ ಶಾಖೆ ಹುಟ್ಟಿದುದು 1827ರಲ್ಲಿ.

ಈ ಸಂಘದ ಬಗೆಗೆ ಒಂದು ಹಳೆಯ ಕಥೆಯಿದೆ. 1840ರಲ್ಲಿ ಯಾರೋ ಒಬ್ಬ ಮಹಾಶಯನು ಟೊರಾಂಟೊ ಸಂಘದ ಹೆಸರು ಹೇಳಿಕೊಂಡು ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್ಬಿನವರಿಗೆ 'ಬನ್ನಿ, ನಮ್ಮಲ್ಲಿ ಆಡಿ' ಎಂದು ಆಹ್ವಾನ ಕೊಟ್ಟನಂತೆ. ಅವರು ದೂರದ ದಾರಿ ಸವೆಸಿ ಬಂದು ಬಾಗಿಲು ತಟ್ಟಿದರೆ, ಟೊರಾಂಟೊದವರಿಗೆ ವಿಷಯವೇ ಗೊತ್ತಿಲ್ಲ! ಕರೆದವನು ಬೇರೆ, ಮನೆ ಬೇರೆ. ಆದರೂ ಮನೆಯವರು ಬಂದ ಅತಿಥಿಗಳನ್ನು ಹಿಂದಕ್ಕೆ ಕಳುಹಿಸಲಿಲ್ಲ. ತರಾತುರಿಯಿಂದ ಒಂದು ಪಂದ್ಯವನ್ನು ಏರ್ಪಡಿಸಿ ಆಡಿಸಿಯೇ ಕಳುಹಿಸಿದರು. ಆ ಪರಿಚಯವೇ ಬೆಳೆದು 1844ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕ ಮತ್ತು ಕೆನಡಾಗಳ ನಡುವೆ ಪಂದ್ಯವಾಯಿತು. ಕೆನಡಾ 23 ರನ್ನುಗಳಿಂದ ಗೆದ್ದಿತು. ಎರಡು ದೇಶಗಳ ನಡುವಣ ಮೊತ್ತಮೊದಲ ಕ್ರಿಕೆಟ್ ಪಂದ್ಯ ಇದೇ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯ ಮೊದಲ ಟೆಸ್ಟ್ ಆಡಿದುದು ಇದಾದ 33 ವರ್ಷಗಳ ಮೇಲೆ, 1877ರಲ್ಲಿ. ಕರೆಯದೆ ಬಂದವರನ್ನು ಆಡಿಸಿದ ಈ ಕಥೆಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಇಂಥ ಸಂಘದ ಅಂಗಳಕ್ಕೆ 1996ರ ಸೆಪ್ಟೆಂಬರಿನಲ್ಲಿ ಭಾರತ ಮತ್ತು ಪಾಕಿಸ್ತಾನದ ತಂಡಗಳು ಐದು ಒಂದು ದಿನದ ಪಂದ್ಯಗಳನ್ನು ಆಡಲು ಹೋದವು. ಸರಣಿಯ ಹೆಸರು ಸಹಾರಾ ಕಪ್; ಹೆಸರಿನ ನಡುವೆ 'ಸ್ನೇಹ' ಎಂಬ ಅರ್ಥದ ಪದವನ್ನೂ ಸೇರಿಸಿದ್ದರು. ಸ್ನೇಹಕ್ಕೆ ಇಷ್ಟು ದೂರ ಹೋಗಬೇಕಾಗಿತ್ತೆ ಎಂದು ಕೇಳುವವರಿಗೆ ಉತ್ತರ ಚರಿತ್ರೆಯಲ್ಲಿದೆ. ಈ ನೆರೆಯವರು 1952ರಲ್ಲಿ ಮೊದಲ ಟೆಸ್ಟ್ ಆಡಿದರು. 1961ರಿಂದ 1978ರವರೆಗೆ ಒಂದು ಟೆಸ್ಟೂ ಇಲ್ಲ. ನಡುವೆ ಎರಡು ಯುದ್ಧಗಳು ಆಗಿಹೋದವು. 1989ರ ಕೊನೆಯಲ್ಲಿ ಆಡಿದ ಮೇಲೆ ಮತ್ತೆ 1999ರವರೆಗೆ ಟೆಸ್ಟ್ ಇಲ್ಲ. 1991ರಲ್ಲಿ ಪಾಕಿಸ್ತಾನದ ತಂಡ ಬರಲಿದ್ದಾಗ ಮುಂಬಯಿಯ ವಾಂಖೆಡೆ ಮೈದಾನದ ಪಿಚ್ಚನ್ನು ಕೆಲವರು ಅಗೆದುಹಾಕಿದರು; ಆ ಪ್ರವಾಸವೇ ರದ್ದಾಯಿತು. ನಮ್ಮ ಮನೆಗೆ ನೀವು ಬರುವಂತಿಲ್ಲ, ನಿಮ್ಮ ಮನೆಗೆ ನಾವು ಬರುವಂತಿಲ್ಲ. ಹಾಗಾದರೆ ಮೂರನೆಯವರ ಮನೆಯಲ್ಲಿ ಕೂಡೋಣ ಎಂಬುದು ವಿವೇಕದ ಮಾತಾಗಿಯೇ ತೋರುತ್ತದೆ.

ಅದೊಂದೇ ಕಾರಣವಾಗಿದ್ದರೆ ನಾವು ಕೈಮುಗಿಯುತ್ತಿದ್ದೆವು. ಇನ್ನೊಂದು ಕಾರಣವೂ ಇತ್ತು. ಟೊರಾಂಟೊದಲ್ಲಿ ಸೆಪ್ಟೆಂಬರ್ ತಿಂಗಳ ಬೆಳಗಿನ ಹತ್ತು ಗಂಟೆಯೆಂದರೆ ನಮ್ಮಲ್ಲಿ ಸಂಜೆಯ ಏಳೂವರೆ. ಊಟದ ಹೊತ್ತಿಗೆ ಕೋಟ್ಯಂತರ ಮನೆಗಳಲ್ಲಿ ಟೆಲಿವಿಷನ್ನಿನ ಮುಂದೆ ಜನ ಕುಳಿತಿರುವ ಸಮಯ. ಆ ಮೈದಾನದ ಸುತ್ತ ಕೂರಬಲ್ಲವರು ಕೆಲವೇ ಸಾವಿರ. ಹಲಗೆಯ ಮೆಟ್ಟಿಲುಗಳನ್ನು ತಾತ್ಕಾಲಿಕವಾಗಿ ಕಟ್ಟಿ ಅವರನ್ನು ಕೂರಿಸಿದರು. ನಿಜವಾದ ಪ್ರೇಕ್ಷಕರು ಸಮುದ್ರಗಳಾಚೆ ಇದ್ದರು. ಯಾರದೂ ಅಲ್ಲದ ಅಂಗಳ ಎಂದು ನಾವು ಹೇಳುವುದುಂಟು. ಆದರೆ ಬಾಡಿಗೆ ಕೊಡುವವನೊಬ್ಬನು ಎಲ್ಲ ಅಂಗಳಕ್ಕೂ ಇದ್ದೇ ಇರುತ್ತಾನೆ. ಇದನ್ನು ನಾವು ದೋಷವೆಂದು ಹೇಳುತ್ತಿಲ್ಲ. ಹಣವಿಲ್ಲದೆ ಆಟ ನಡೆಯದು. ಆದರೆ ಸ್ನೇಹದ ಹೆಸರಿನ ಹಿಂದೆ ಹಣದ ಲೆಕ್ಕವೂ ಇತ್ತೆಂಬುದನ್ನು ತಿಳಿದಿರುವುದು ಒಳ್ಳೆಯದು.

ಆಟವಂತೂ ಚೆನ್ನಾಗಿಯೇ ಆಯಿತು. 1996ರ ಮೊದಲ ಪಂದ್ಯವನ್ನು ಮಳೆ ಕಡಿಮೆ ಮಾಡಿ 33 ಓವರಿಗೆ ಇಳಿಸಿತು. ನಾಯಕ ತೆಂಡೂಲ್ಕರರು ಅಜೇಯರಾಗಿ 89 ರನ್ನು ಹೊಡೆದು ಗೆಲ್ಲಿಸಿದರು. ಎರಡನೆಯ ಪಂದ್ಯದಲ್ಲಿ ನಮ್ಮ ರಾಹುಲ್ ದ್ರಾವಿಡರು 90, ಅಜರುದ್ದೀನರು 88 ಹೊಡೆದರೂ ಪಾಕಿಸ್ತಾನವು ಎರಡು ವಿಕೆಟ್ಟು ಉಳಿದಿರುವಂತೆ ಗುರಿಯನ್ನು ಮುಟ್ಟಿತು. ಮೂರು ಪಂದ್ಯ ಮುಗಿದಾಗ ಭಾರತ 2-1ರಿಂದ ಮುಂದಿತ್ತು. ಐದು ಮುಗಿದಾಗ ಪಾಕಿಸ್ತಾನ 3-2ರಿಂದ ಗೆದ್ದಿತ್ತು. ಶ್ರೀನಾಥ್, ವೆಂಕಟೇಶ್ ಪ್ರಸಾದ್, ಕುಂಬ್ಳೆ, ದ್ರಾವಿಡ್ ಎಂದು ಒಂದೇ ತಂಡದಲ್ಲಿ ಕರ್ನಾಟಕದ ಇಷ್ಟು ಜನರಿದ್ದ ಕಾಲವದು. ಮರುವರ್ಷ ಶ್ರೀನಾಥರೂ ಪ್ರಸಾದರೂ ಇಲ್ಲದ ತಂಡ 4-1ರಿಂದ ಗೆದ್ದು ಬಂದಿತು. ಆ ಸರಣಿಯಲ್ಲಿ ಸೌರವ್ ಗಂಗೂಲಿಯವರು 222 ರನ್ನುಗಳನ್ನೂ 15 ವಿಕೆಟ್ಟುಗಳನ್ನೂ ಗಳಿಸಿದರು. ಟೊರಾಂಟೊದ ತೇವದ ಗಾಳಿಯಲ್ಲಿ ಅವರ ಮಂದವೇಗದ ಚೆಂಡು ಮಾತು ಕೇಳಿತು. ಒಂದು ದಿನ ಕೇವಲ 16 ರನ್ನು ಕೊಟ್ಟು 5 ವಿಕೆಟ್ಟು ತೆಗೆದರು. 1998ರಲ್ಲಿ ಪಾಕಿಸ್ತಾನದ ಸರದಿ, 4-1.

ಇಷ್ಟೇ ಆಗಿದ್ದರೆ ಟೊರಾಂಟೊ ನಮ್ಮ ನೆನಪಿನಲ್ಲಿ ಒಂದು ತಂಪಾದ ಊರಾಗಿ ಉಳಿಯುತ್ತಿತ್ತು. ಆದರೆ 1997ರ ಸೆಪ್ಟೆಂಬರ್ 14ರಂದು, ಸರಣಿಯ ಎರಡನೆಯ ಪಂದ್ಯದಲ್ಲಿ, ನಡೆದುದೇ ಬೇರೆ. ಪಾಕಿಸ್ತಾನ 116 ರನ್ನುಗಳಿಗೆ ಆಲೌಟಾಗಿ ಭಾರತ ಸುಲಭವಾಗಿ ಗೆಲುವಿನತ್ತ ನಡೆದಿತ್ತು. ಪಾಕಿಸ್ತಾನದ ದೊಡ್ಡ ಆಟಗಾರರಾದ ಇಂಜಮಾಮ್-ಉಲ್-ಹಕ್ ಅವರು ಬೌಂಡರಿಯ ಹತ್ತಿರ ಕಾವಲು ನಿಂತಿದ್ದರು. ಅವರ ದೇಹ ಸ್ಥೂಲವಾದುದು, ಓಟ ನಿಧಾನ. ಪ್ರೇಕ್ಷಕರಲ್ಲಿ ಒಬ್ಬನು ಕೈಯಲ್ಲಿ ಧ್ವನಿವರ್ಧಕದ ಕೊಳವೆ ಹಿಡಿದು 'ಆಲೂ, ಆಲೂ' ಎಂದು ಬಿಡದೆ ಕೂಗುತ್ತಿದ್ದ. ಒಂದು ಹಂತದಲ್ಲಿ ಇಂಜಮಾಮರ ತಾಳ್ಮೆ ಹರಿಯಿತು. ಅವರು ಬ್ಯಾಟನ್ನು ಹಿಡಿದು ಪ್ರೇಕ್ಷಕರ ನಡುವೆ ನುಗ್ಗಿದರು. ಕಾವಲುಗಾರರು ಹಿಡಿದೆಳೆದು ಬಿಡಿಸಬೇಕಾಯಿತು; ಆಟ ಬಹಳ ಹೊತ್ತು ನಿಂತಿತು. ಇಂಜಮಾಮರಿಗೆ ಎರಡು ಪಂದ್ಯಗಳ ಬಹಿಷ್ಕಾರವಾಯಿತು. ಭಾರತ ಏಳು ವಿಕೆಟ್ಟುಗಳಿಂದ ಗೆದ್ದಿತು.

ಬ್ಯಾಟನ್ನು ಆಯುಧ ಮಾಡಿಕೊಂಡುದು ದೊಡ್ಡ ತಪ್ಪೆಂಬುದರಲ್ಲಿ ಎರಡು ಮಾತಿಲ್ಲ, ಶಿಕ್ಷೆಯಾದುದೂ ಸರಿ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆ ದಿನ ಕೂಗಿದವರು ಕೆನಡಾದ ಮೂಲ ನಿವಾಸಿಗಳೂ ಅಲ್ಲ, ಕಲ್ಲು ಜಾರಿಸುವ ಸಂಘದ ಸದಸ್ಯರೂ ಅಲ್ಲ. ಅಲ್ಲಿ ಕುಳಿತವರಲ್ಲಿ ಬಹುಪಾಲು ಜನ ನಮ್ಮವರು, ಅವರವರು. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಹೋಗಿ, ಒಂದೇ ಬೀದಿಯಲ್ಲಿ ಒಂದೇ ಅಂಗಡಿಯಿಂದ ಬೇಳೆ ಅಕ್ಕಿ ಕೊಳ್ಳುವ ಭಾರತೀಯರು ಮತ್ತು ಪಾಕಿಸ್ತಾನಿಗಳು. ಮೈದಾನವನ್ನು ಸಾವಿರಾರು ಮೈಲಿ ಆಚೆಗೆ ಒಯ್ದರೂ ಜಗಳ ಅದಕ್ಕಿಂತ ಮೊದಲೇ ವಿಮಾನವೇರಿ ಹೋಗಿ ಜಾಗ ಹಿಡಿದು ಕುಳಿತಿತ್ತು. 1840ರಲ್ಲಿ ಅಂಗಳಕ್ಕೆ ಒಬ್ಬ ಮನೆಯೊಡೆಯನಿದ್ದ; ಬಂದವರನ್ನು ತನ್ನ ಅತಿಥಿಗಳೆಂದು ಎಣಿಸಿದ. 1997ರಲ್ಲಿ ಅದೇ ಸಂಘ ಅಂಗಳವನ್ನು ಒದಗಿಸಿತೇ ಹೊರತು ಅಂದಿನ ಸಭೆಗೆ ಯಜಮಾನನೆಂಬವನು ಇರಲಿಲ್ಲ. ಎಲ್ಲರೂ ಟಿಕೆಟ್ಟು ಕೊಂಡು ಬಂದವರೇ.

ಟೊರಾಂಟೊಕ್ಕೆ ಮೊದಲು ಶಾರ್ಜಾ ಇತ್ತು. ಅಬ್ದುಲ್ ರಹಮಾನ್ ಬುಖಾತಿರ್ ಎಂಬ ಅರಬ್ ವ್ಯಾಪಾರಿ ಮರಳಿನ ನಡುವೆ ಮೈದಾನ ಕಟ್ಟಿಸಿ 1984ರಲ್ಲಿ ಮೊದಲ ಏಷ್ಯಾ ಕಪ್ಪನ್ನು ಅಲ್ಲಿ ನಡೆಸಿದ. ಅಲ್ಲಿ ಕುಳಿತು ನೋಡುತ್ತಿದ್ದವರೂ ಎರಡು ದೇಶಗಳಿಂದ ದುಡಿಯಲು ಹೋದವರೇ. 1985ರ ಮಾರ್ಚಿಯಲ್ಲಿ ಭಾರತ 125ಕ್ಕೆ ಆಲೌಟಾಗಿ, ಬಳಿಕ ಪಾಕಿಸ್ತಾನವನ್ನು 87ಕ್ಕೆ ಉರುಳಿಸಿತು. 1986ರ ಏಪ್ರಿಲ್ 18ರಂದು ಕೊನೆಯ ಚೆಂಡಿಗೆ ಜಾವೇದ್ ಮಿಯಾಂದಾದರು ಸಿಕ್ಸರ್ ಹೊಡೆದರು. ನಮ್ಮ ತಂದೆಯವರ ತಲೆಮಾರಿನವರು ಆ ಚೆಂಡಿನ ಮಾತೆತ್ತಿದರೆ ಈಗಲೂ ಎದ್ದು ಒಳಗೆ ಹೋಗುತ್ತಾರೆ. ಬರಬರುತ್ತ ಶಾರ್ಜಾದಲ್ಲಿ ಪಂದ್ಯಗಳು ವಿಪರೀತವಾದವು. 2000ದಲ್ಲಿ ಪಂದ್ಯಗಳನ್ನು ಮಾರಿಕೊಳ್ಳುವ ಹಗರಣ ಕ್ರಿಕೆಟ್ ಲೋಕವನ್ನೇ ನಡುಗಿಸಿತು. 2001ರಲ್ಲಿ ಭಾರತ ಸರ್ಕಾರವು ನಮ್ಮ ತಂಡ ಅಲ್ಲಿಗೆ ಹೋಗಲು ಒಪ್ಪಿಗೆ ಕೊಡಲಿಲ್ಲ. ಅದರ ವಿಚಾರ ಇಷ್ಟು ಸಾಕು.

ಟೊರಾಂಟೊದ ಕಥೆ ಮುಗಿದ ಬಗೆಯನ್ನು ಹೇಳಬೇಕು. 1999ರ ಬೇಸಗೆಯಲ್ಲಿ ಕಾರ್ಗಿಲ್ ಯುದ್ಧವಾಯಿತು. ಆ ಸೆಪ್ಟೆಂಬರಿನಲ್ಲಿ ಭಾರತ ಪಾಕಿಸ್ತಾನದೊಡನೆ ಆಡಲಿಲ್ಲ. ಆದರೂ ಎರಡು ತಂಡಗಳೂ ಟೊರಾಂಟೊಕ್ಕೆ ಹೋದವು! ಮೊದಲು ಭಾರತವು ವೆಸ್ಟ್ ಇಂಡೀಸಿನೊಡನೆ ಮೂರು ಪಂದ್ಯ ಆಡಿ 2-1ರಿಂದ ಗೆದ್ದಿತು. ಆಮೇಲೆ ಅದೇ ಅಂಗಳದಲ್ಲಿ ಅದೇ ವೆಸ್ಟ್ ಇಂಡೀಸಿನೊಡನೆ ಪಾಕಿಸ್ತಾನ ಮೂರು ಪಂದ್ಯ ಆಡಿ ಮೂರನ್ನೂ ಗೆದ್ದಿತು. ಒಂದೇ ಛತ್ರದಲ್ಲಿ ಎರಡು ಬೀಗರ ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ಪಂಕ್ತಿಯಲ್ಲಿ ಉಂಡು ಹೋದಂತೆ. ನಡುವೆ ವೆಸ್ಟ್ ಇಂಡೀಸಿನವರ ಪಾಡು ಏನಾಗಿರಬೇಡ! ಆದರೆ ಆ ನಿರ್ಧಾರವನ್ನು ನಾವು ಗೌರವಿಸುತ್ತೇವೆ. ಮನಸ್ಸಿಲ್ಲದಾಗ ಆಡದಿರುವುದರಲ್ಲಿ ಒಂದು ಸತ್ಯವುಂಟು.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ಅದೇ ಯುದ್ಧ ನಡೆಯುತ್ತಿದ್ದಾಗಲೇ, ಜೂನ್ 8ರಂದು, ವಿಶ್ವಕಪ್ಪಿನ ಪಂದ್ಯದಲ್ಲಿ ಈ ಎರಡು ತಂಡಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎದುರಾಗಿದ್ದವು. ಅದೂ ಮೂರನೆಯವರ ನೆಲವೇ. ಭಾರತ 227 ಹೊಡೆದು, ಪಾಕಿಸ್ತಾನವನ್ನು 180ಕ್ಕೆ ನಿಲ್ಲಿಸಿತು. ಪ್ರಸಾದ್ 5, ಶ್ರೀನಾಥ್ 3, ಕುಂಬ್ಳೆ 2. ಹತ್ತಕ್ಕೆ ಹತ್ತೂ ವಿಕೆಟ್ಟು ಕರ್ನಾಟಕದವರದು! ಆ ಲೆಕ್ಕವನ್ನು ಕೂಡಿಸಿ ನೋಡಿ ನಾವು ಪಟ್ಟ ಹಿಗ್ಗನ್ನು ಮುಚ್ಚಿಡಲಾರೆವು. ದೇಶ ಗೆದ್ದ ಸಂತೋಷ ಒಂದು ತೂಕವಾದರೆ, ಈ ಹತ್ತರ ಸಂತೋಷ ಅದರ ಮೇಲೆ ಇನ್ನೊಂದು ತೂಕ. ಪಕ್ಷಪಾತವಿಲ್ಲದ ಪ್ರೇಕ್ಷಕನಾಗು ಎಂದು ಯಾರಿಗಾದರೂ ಹೇಳಹೊರಡುವ ಮೊದಲು ನಮ್ಮೊಳಗೆ ಇಂಥ ಲೆಕ್ಕಗಳು ಎಷ್ಟಿವೆಯೆಂದು ಎಣಿಸಿಕೊಳ್ಳಬೇಕು. ಆದುದರಿಂದ ನಾವು ಕೇಳುತ್ತಿರುವುದು ಅಭಿಮಾನವನ್ನು ಬಿಡುವುದನ್ನಲ್ಲ. ತನ್ನವರು ಗೆಲ್ಲಲೆಂದು ಹಂಬಲಿಸದವನಿಗೆ ಆಟವೇ ರುಚಿಸದು.

ಹಾಗಾದರೆ ಕೇಳುತ್ತಿರುವುದೇನು? ಅದಕ್ಕೆ ದೂರ ಹೋಗಬೇಕಾಗಿಲ್ಲ. ನಾವು ವಾಸವಾಗಿರುವ ಈ ಚೆನ್ನೈ ನಗರದ ಚೆಪಾಕ್ ಮೈದಾನಕ್ಕೆ ಬಂದರೆ ಸಾಕು.

ಟೊರಾಂಟೊದ ಬ್ಯಾಟಿನ ಪ್ರಸಂಗಕ್ಕೆ ನಾಲ್ಕು ತಿಂಗಳು ಮೊದಲು, 1997ರ ಮೇ 21ರಂದು, ಪಾಕಿಸ್ತಾನದ ಸಯೀದ್ ಅನ್ವರ್ ಅವರು ಭಾರತದ ವಿರುದ್ಧ ಇಲ್ಲಿ 194 ರನ್ನು ಹೊಡೆದರು. ಒಂದು ದಿನದ ಪಂದ್ಯದಲ್ಲಿ ಅದುವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ವಿವಿಯನ್ ರಿಚರ್ಡ್ಸರ 189 ಹಿಂದಾಯಿತು. ಭಾರತ ಸೋತಿತು. ಇನ್ನೂ ದೊಡ್ಡ ದಿನ ಬಂದುದು 1999ರ ಜನವರಿ 31. ಒಂಬತ್ತು ವರ್ಷಗಳ ಬಳಿಕ ನಡೆಯಬೇಕಾಗಿದ್ದ ಭಾರತ-ಪಾಕಿಸ್ತಾನ ಟೆಸ್ಟ್. ದೆಹಲಿಯ ಪಿಚ್ಚನ್ನು ಕೆಲವರು ಹಾಳುಮಾಡಿದುದರಿಂದ ಮೊದಲ ಪಂದ್ಯವೇ ಚೆನ್ನೈಗೆ ಬಂದಿತ್ತು. ಗೆಲ್ಲಲು 271 ಬೇಕು. ಬೆನ್ನುನೋವಿನಿಂದ ನರಳುತ್ತ ತೆಂಡೂಲ್ಕರರು 136 ಹೊಡೆದರು. ಅವರು ಔಟಾದಾಗ ಬೇಕಾಗಿದ್ದುದು ಇನ್ನು 17 ರನ್ನು. ಉಳಿದ ಮೂರು ವಿಕೆಟ್ಟುಗಳು ನಾಲ್ಕೇ ರನ್ನಿಗೆ ಬಿದ್ದವು. 12 ರನ್ನಿನ ಸೋಲು.

ಆಮೇಲೆ ನಡೆದುದನ್ನು ಅಂದು ನೋಡಿದವರು ಇಂದಿಗೂ ಹೇಳುತ್ತಾರೆ. ಮೊದಲು ಒಂದು ಕ್ಷಣ ಮಸಣದ ಮೌನ. ಬಳಿಕ ತುಂಬಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು. ವಾಸಿಂ ಅಕ್ರಮರ ತಂಡ ಮೈದಾನವನ್ನು ಒಂದು ಸುತ್ತು ಬಂದಿತು, ಚಪ್ಪಾಳೆ ನಿಲ್ಲಲಿಲ್ಲ. ಗಮನಿಸಬೇಕು: ಇದು ತಟಸ್ಥ ಮೈದಾನವಲ್ಲ. ಭಾರತದ ನೆಲ, ಭಾರತದ ಪ್ರೇಕ್ಷಕರು, ಕಣ್ಣೆದುರಿಗೆ ಕೈಜಾರಿದ ಗೆಲುವು. ಎದೆ ಒಡೆದುಕೊಂಡೇ ಅವರು ಚಪ್ಪಾಳೆ ತಟ್ಟಿದುದು. ಭಾರತ ಸೋತುದು ಅವರಿಗೆ ಬೇಡವಾಗಿತ್ತು. ಸಾವಿರಾರು ಮೈಲಿ ದೂರದ ಯಾರದೂ ಅಲ್ಲದ ಅಂಗಳದಲ್ಲಿ ಸಿಕ್ಕದ ವಸ್ತು, ತಮ್ಮದೇ ಆದ ಅಂಗಳದಲ್ಲಿ ಸಿಕ್ಕಿತು. ಏಕೆಂದರೆ ಇಲ್ಲಿ ಮನೆಯೊಡೆಯರಿದ್ದರು. ಬಂದವನು ನಮ್ಮ ಅತಿಥಿ ಎಂದು ತಿಳಿದವನಿಗೇ, ಗೆದ್ದು ಹೊರಟ ಅತಿಥಿಯನ್ನು ಬಾಗಿಲವರೆಗೆ ಬಂದು ಕಳುಹಿಸಿಕೊಡುವುದು ಸಾಧ್ಯ.

ಇದೇ ಚೆಪಾಕ್ 2023ರ ಅಕ್ಟೋಬರ್ 23ರಂದು ನಿಜವಾಗಿಯೇ ತಟಸ್ಥ ಮೈದಾನವಾಯಿತು. ವಿಶ್ವಕಪ್ಪಿನಲ್ಲಿ ಅಫಘಾನಿಸ್ತಾನವು ಪಾಕಿಸ್ತಾನವನ್ನು ಎಂಟು ವಿಕೆಟ್ಟುಗಳಿಂದ ಸೋಲಿಸಿತು. ಒಂದು ದಿನದ ಪಂದ್ಯಗಳಲ್ಲಿ ಪಾಕಿಸ್ತಾನದ ಮೇಲೆ ಅದು ಅವರ ಮೊದಲ ಜಯ. ಆಟ ಮುಗಿದ ಮೇಲೆ ಅಫಘಾನ್ ಆಟಗಾರರು ಮೈದಾನವನ್ನು ಸುತ್ತಿ ಚೆನ್ನೈಯ ಜನಕ್ಕೆ ಕೃತಜ್ಞತೆ ಸೂಚಿಸಿದರು. ಇವರ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ತಮ್ಮ ದೇಶದ ಕಷ್ಟದಿಂದಾಗಿ ಅವರಿಗೆ ತಮ್ಮ ನೆಲದಲ್ಲಿ ಒಂದು ದೇಶವನ್ನು ಕರೆಸಿ ಆಡಿಸುವ ಭಾಗ್ಯವಿಲ್ಲ. ಅವರು 'ಮನೆಯ ಸರಣಿ'ಯನ್ನು ಪರರ ನೆಲದಲ್ಲಿಯೇ ಆಡಬೇಕು: ಶಾರ್ಜಾ, ಗ್ರೇಟರ್ ನೊಯ್ಡಾ, ಡೆಹರಾಡೂನ್, ಲಖನೌ. 2017ರ ಮಾರ್ಚಿಯಲ್ಲಿ ಗ್ರೇಟರ್ ನೊಯ್ಡಾದಲ್ಲಿ ಐರ್ಲೆಂಡಿನೊಡನೆ ಐದು ಪಂದ್ಯಗಳನ್ನಾಡಿ 3-2ರಿಂದ ಗೆದ್ದಾಗ, ದಾಖಲೆಯಲ್ಲಿ ಅದು ಅವರ ಮನೆಯಂಗಳದ ಜಯ. ಕಾಬೂಲಿನವನಿಗೆ ನೊಯ್ಡಾ ಮನೆಯಾಗುವುದಾದರೆ ಅದು ಅಲ್ಲಿಯವರು ಕೊಟ್ಟ ಪ್ರೀತಿಯಿಂದ. ತನ್ನೂರಲ್ಲದ ಊರಿನಲ್ಲಿ ಮನೆ ಮಾಡುವುದು ಎಂದರೇನೆಂದು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆ ನೋಡಿದರೆ ಚೆಪಾಕಿನಲ್ಲಿ ನಮ್ಮದೂ ಒಂದು ಹಳೆಯ ಲೆಕ್ಕ ಬಾಕಿಯಿದೆ. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ 1934ರ ನವೆಂಬರ್ 4ರಂದು ನಡೆದುದು ಇಲ್ಲಿಯೇ. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರು ಮೊದಲ ಸಲ 48, ಎರಡನೆಯ ಸಲ 59. ಮದರಾಸು ಒಂದೇ ಇನಿಂಗ್ಸಿನಲ್ಲಿ 130. ಹಲವು ದಿನಗಳ ಪಂದ್ಯವೆಂದು ಕರೆದದ್ದು ಒಂದೇ ದಿನದಲ್ಲಿ ಮುಗಿದುಹೋಯಿತು! ಒಂದು ದಿನದ ಪಂದ್ಯವನ್ನು ಕಂಡುಹಿಡಿದವರು ನಾವೇ ಎಂದು ಹಿರಿಯರೊಬ್ಬರು ನಗುವುದುಂಟು. ಕರ್ನಾಟಕ ಮತ್ತು ತಮಿಳುನಾಡು ಎದುರಾದಾಗ ನಮ್ಮ ಮನೆಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ಅಜ್ಜನಿಗೆ ಕರ್ನಾಟಕ ಗೆಲ್ಲಬೇಕು. ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗ ಎದುರುಮನೆಯ ಗೆಳೆಯನ ಮುಖ ನೋಡಿ ಸುಮ್ಮನಿರುತ್ತಾನೆ. ಆ ಸುಮ್ಮನಿರುವಿಕೆಯನ್ನು ಹೇಡಿತನವೆಂದು ಕೆಲವರು ಬಯ್ಯುತ್ತಾರೆ. ನಮಗೆ ಹಾಗೆ ತೋರದು. ಎರಡು ಮನೆಯ ಉಪ್ಪುಂಡವನ ಸಂಕೋಚ ಅದು. ಅದರಲ್ಲಿ ಒಳ್ಳೆಯ ಪ್ರೇಕ್ಷಕನೊಬ್ಬನು ಹುಟ್ಟುತ್ತಿರುತ್ತಾನೆ.

ತಟಸ್ಥ ಮೈದಾನದ ಪದ್ಧತಿಯೇ ಬೇಡವೆಂದು ನಾವು ವಾದಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅದರಿಂದ ಒಳ್ಳೆಯದಾದ ಉದಾಹರಣೆಯೂ ಇದೆ. 2005ರ ಅಕ್ಟೋಬರಿನಲ್ಲಿ ಕಾಶ್ಮೀರ ಮತ್ತು ಪಾಕಿಸ್ತಾನದ ಉತ್ತರ ಭಾಗದಲ್ಲಿ ಭೀಕರ ಭೂಕಂಪವಾಗಿ ಅಸಂಖ್ಯಾತ ಜನ ಮಡಿದರು. ಮರುವರ್ಷದ ಏಪ್ರಿಲ್ 18 ಮತ್ತು 19ರಂದು ಭಾರತ, ಪಾಕಿಸ್ತಾನಗಳು ಅಬುಧಾಬಿಯಲ್ಲಿ ಎರಡೇ ಪಂದ್ಯಗಳ ಸರಣಿಯೊಂದನ್ನು ಆ ಸಂತ್ರಸ್ತರ ನೆರವಿಗಾಗಿ ಆಡಿದವು. ಭಾರತದ ನಾಯಕರು ದ್ರಾವಿಡ್. ಎದುರು ತಂಡದ ನಾಯಕರು ಯಾರು? ಟೊರಾಂಟೊದಲ್ಲಿ ಬ್ಯಾಟೆತ್ತಿಕೊಂಡು ನುಗ್ಗಿದ ಅದೇ ಇಂಜಮಾಮ್. ಒಂಬತ್ತು ವರ್ಷಗಳಲ್ಲಿ ಮಾಗಿದ ಮನುಷ್ಯ. ಮೊದಲ ದಿನ ಪಾಕಿಸ್ತಾನ ಆರು ವಿಕೆಟ್ಟುಗಳಿಂದ, ಮರುದಿನ ಭಾರತ 51 ರನ್ನುಗಳಿಂದ ಗೆದ್ದವು. ಸರಣಿ ಸಮಸಮ. ಸೋತವರಿಲ್ಲದ ಅಂಥ ಸಣ್ಣ ಸರಣಿ ನಮಗೆ ಹಲವು ದೊಡ್ಡ ಸರಣಿಗಳಿಗಿಂತ ಹಿತವೆನಿಸುತ್ತದೆ. ಮನೆ ಕುಸಿದವರ ಹೆಸರು ಹೇಳಿ ಆಡುವಾಗ ಆಟಕ್ಕೊಬ್ಬ ಯಜಮಾನ ಸಿಕ್ಕಿದಂತಾಯಿತು.

ಇತ್ತೀಚಿನ ಮಾತನ್ನು ಹೇಳದೆ ಬಿಟ್ಟರೆ ವಿದ್ಯಾರ್ಥಿಗಳು ನಮ್ಮನ್ನು ಅಂಜುಬುರುಕರೆಂದಾರು. 2025ರ ಫೆಬ್ರವರಿ, ಮಾರ್ಚಿಯಲ್ಲಿ ಚಾಂಪಿಯನ್ಸ್ ಟ್ರೋಫಿಗೆ ಆತಿಥೇಯ ದೇಶ ಪಾಕಿಸ್ತಾನ; ಆದರೆ ಭಾರತ ತನ್ನ ಪಂದ್ಯಗಳನ್ನೆಲ್ಲ ದುಬಾಯಿಯಲ್ಲಿ ಆಡಿ ಅಲ್ಲಿಯೇ ಕಪ್ಪನ್ನು ಗೆದ್ದಿತು. ಅದಾದ ಮುಂದಿನ ತಿಂಗಳು ಪಹಲ್‌ಗಾಮಿನಲ್ಲಿ ನಿರಪರಾಧಿಗಳಾದ ಪ್ರವಾಸಿಗಳ ಕೊಲೆಯಾಯಿತು. ಸೆಪ್ಟೆಂಬರಿನಲ್ಲಿ ಇಪ್ಪತ್ತು ಓವರಿನ ಏಷ್ಯಾ ಕಪ್ಪಿಗಾಗಿ ಎರಡು ತಂಡಗಳೂ ದುಬಾಯಿಯಲ್ಲಿ ಮೂರು ಬಾರಿ ಎದುರಾದವು. ಭಾರತ ಮೂರನ್ನೂ ಗೆದ್ದಿತು. ನಮ್ಮ ಆಟಗಾರರು ಎದುರಾಳಿಗಳ ಕೈಕುಲುಕಲಿಲ್ಲ. ಆ ಶೋಕ ನಮ್ಮದೂ ಹೌದು, ಆ ರೋಷ ನಮ್ಮದೂ ಹೌದು. ಆದರೆ ನಮಗನ್ನಿಸುವುದನ್ನು ಹೇಳಿಬಿಡುತ್ತೇವೆ: ಕೈಕುಲುಕಲಾಗದಷ್ಟು ನೋವಿದ್ದರೆ ಆಡಲೇಬಾರದಾಗಿತ್ತು, ಆಡುವುದಾದರೆ ಪೂರ್ತಿ ಆಡಬೇಕಾಗಿತ್ತು. ಚೆಂಡು ಕೊಡಬಹುದು, ಕೈ ಕೊಡಬಾರದು ಎಂಬ ಅರೆಮನಸ್ಸಿಗಿಂತ 1999ರ ಟೊರಾಂಟೊದ ಗೈರುಹಾಜರಿ ಮೇಲು. ಇದಕ್ಕೆ ಒಪ್ಪದವರು ನಮ್ಮ ಶಿಕ್ಷಕವರ್ಗದಲ್ಲಿಯೇ ಇದ್ದಾರೆ; ಅವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ.

ಇನ್ನು ಮೊದಲು ಹೇಳಿದ ಸಂಗತಿ. ನಮ್ಮ ಶಾಲೆಗೆ ಸ್ವಂತ ಮೈದಾನವಿಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಆದುದರಿಂದ ಅಂತರಶಾಲಾ ಪಂದ್ಯಗಳನ್ನೆಲ್ಲ ನಗರಸಭೆಯ ಬಯಲಿನಲ್ಲಿಯೇ ಆಡುತ್ತೇವೆ; ನಮ್ಮ ಪಾಲಿಗೆ ಪ್ರತಿಯೊಂದು ಪಂದ್ಯವೂ ತಟಸ್ಥ ಮೈದಾನದ್ದೇ. ಕಳೆದ ವರ್ಷ ಅಲ್ಲಿ ಬೇರೊಂದು ಶಾಲೆಯೊಡನೆ ಆಟವಿತ್ತು. ಅವರ ತಂಡದಲ್ಲಿ ಸ್ವಲ್ಪ ದಪ್ಪಗಿದ್ದ ಒಬ್ಬ ಹುಡುಗ, ಬಯಲಿನ ಅಂಚಿನಲ್ಲಿ ನಮ್ಮ ಹುಡುಗರು ಕುಳಿತ ಕಡೆಗೇ ಕಾವಲು ನಿಂತಿದ್ದ. ಯಾರೋ ಒಬ್ಬರು 'ಬೋಂಡ' ಎಂದರು. ಮರದ ನೆರಳಿನಲ್ಲಿ ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದ ನಮಗೂ ಅದು ಕೇಳಿಸಿತು. ಮೊದಲ ಸಲ ನಾವೂ ನಕ್ಕೆವೆಂದು ನಾಚಿಕೆಯಿಂದ ಹೇಳಬೇಕಾಗಿದೆ. ಎರಡನೆಯ ಸಲ ಹತ್ತು ಕಂಠಗಳು ಸೇರಿದವು. ಆಮೇಲೆ ಅವನು ಚೆಂಡು ಮುಟ್ಟಿದಾಗಲೆಲ್ಲ ಅದೇ ಕೂಗು. ಅವನು ಒಂದು ಸುಲಭದ ಕ್ಯಾಚನ್ನು ಬಿಟ್ಟ. ಕೂಗು ಇಮ್ಮಡಿಯಾಯಿತು. ಅವನಲ್ಲಿ ಬ್ಯಾಟಿರಲಿಲ್ಲ, ಇದ್ದರೂ ಅವನು ನುಗ್ಗುತ್ತಿರಲಿಲ್ಲ. ತನ್ನ ನಾಯಕನ ಹತ್ತಿರ ಹೋಗಿ ಏನೋ ಹೇಳಿದ. ನಾಯಕ ಅವನನ್ನು ಬಯಲಿನ ಆಚೆಯ ಅಂಚಿಗೆ ಕಳುಹಿಸಿದ. ಹೋಗುವಾಗ ತೋಳಿನಿಂದ ಮುಖ ಒರೆಸಿಕೊಂಡುದು ನಮಗೆ ಕಂಡಿತು. ಬಿಸಿಲಿತ್ತು, ಬೆವರಿರಬಹುದೆಂದು ಆಗ ನಮಗೆ ನಾವೇ ಹೇಳಿಕೊಂಡೆವು.

ಎದ್ದು ಹೋಗಿ ಸುಮ್ಮನಿರಿಸಬಹುದಾಗಿತ್ತು. ಹತ್ತು ಹೆಜ್ಜೆಯ ದೂರ. ಇದು ನಮ್ಮ ಮೈದಾನವಲ್ಲ, ಇಲ್ಲಿ ನಾವೇನು ಹೇಳುವುದು ಎಂಬ ಒಂದು ಮಂಕು ನಮ್ಮನ್ನು ಕುಳಿತಲ್ಲಿಯೇ ಕೂರಿಸಿತು. ಅವರ ಶಾಲೆಯ ಉಪಾಧ್ಯಾಯರೂ ಬಹುಶಃ ಹಾಗೆಯೇ ಎಣಿಸಿದರು. ಎರಡು ಕಡೆಯ ದೊಡ್ಡವರಿದ್ದೂ ಆ ಬಯಲಿಗೆ ಆ ದಿನ ಒಡೆಯರಿಲ್ಲದೆ ಹೋಯಿತು. ನಾವು ಹನ್ನೊಂದು ರನ್ನುಗಳಿಂದ ಗೆದ್ದೆವು. ಆ ಹುಡುಗ ಬಿಟ್ಟ ಕ್ಯಾಚಿನ ಬಳಿಕ ನಮ್ಮ ದಾಂಡಿಗ ಸೇರಿಸಿದ ರನ್ನುಗಳು ಹದಿನಾಲ್ಕು. ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿಯೇ ಇತ್ತಾದುದರಿಂದ ಈ ಸಂಖ್ಯೆಗಳು ಮರೆಯುವಂತಿಲ್ಲ. ಕಪ್ಪು ಕಚೇರಿಯ ಗಾಜಿನ ಬೀರುವಿನಲ್ಲಿದೆ. ವಾರ್ಷಿಕೋತ್ಸವದ ದಿನ ಅದಕ್ಕೂ ಹಾರ ಹಾಕಿದೆವು.

ಈ ವರ್ಷದ ಪಂದ್ಯ ಫೆಬ್ರವರಿಯ ಎರಡನೆಯ ಶನಿವಾರ, ಅದೇ ಬಯಲಿನಲ್ಲಿ, ಅದೇ ಶಾಲೆಯೊಡನೆ. ಆಟಗಾರರ ಪಟ್ಟಿ ಮೊನ್ನೆ ನಮ್ಮ ಕೈಸೇರಿತು. ಆ ಹುಡುಗನ ಹೆಸರು ಅದರಲ್ಲಿದೆ. ಈ ಸಲ ಅವನೇ ಅವರ ನಾಯಕ.